ಕೊನೆಗೊಂದು ಗಂಟು

ಮಾರ್ಚ್ 3, ಸೋಮವಾರ

ಮಾತ್ರೆ: ಎಂಟು, ಎರಡು, ಎಂಟು. ನಡುಕ: ಬಲಗೈ, ಬೆಳಿಗ್ಗೆ ಒಂದು ಗಂಟೆ ಹೊತ್ತು.

ಈ ನೋಟ್‌ಬುಕ್ಕು ನನ್ನದಲ್ಲ, ಅಕ್ಕನ ಕೈಯದು. ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಳು, ಕೈ ಎಷ್ಟು ಹೊತ್ತು ನಡುಗಿತು, ದಿನಾ ಬರೆದಿಡಿ ಎಂದರು ಡಾಕ್ಟರು. ಅಕ್ಕನ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ, ಹಾಗಾಗಿ ಅದೂ ನನ್ನ ತಲೆಗೆ ಬಂತು. ಈ ಮನೆಯಲ್ಲಿ ಯಾವುದು ತಾನೇ ನನ್ನ ತಲೆಗೆ ಬಂದಿಲ್ಲ? ಒಂದು ಸಾಲು ಬರೆದ ಮೇಲೆ ಹಾಳೆಯೆಲ್ಲ ಖಾಲಿ ಉಳಿಯಿತು. ಬಟ್ಟೆಯ ಚೂರನ್ನೇ ಬಿಸಾಡಲಾಗದವಳು ನಾನು, ಇಷ್ಟು ದೊಡ್ಡ ಹಾಳೆ ಹೇಗೆ ಬಿಡಲಿ? ಡಾಕ್ಟರಿಗೆ ಬೇಕಾದ್ದನ್ನು ಬೇರೆ ಚೀಟಿಗೆ ಎತ್ತಿ ಬರೆದುಕೊಟ್ಟರಾಯಿತು. ಉಳಿದದ್ದು ನನಗೆ.

ಏಪ್ರಿಲ್ 26ಕ್ಕೆ ಅಕ್ಕನ ಚಿತ್ರಗಳ ಪ್ರದರ್ಶನ. ಹನ್ನೊಂದು ಚಿತ್ರ ಕೊಡುತ್ತೇನೆಂದು ಗ್ಯಾಲರಿಯ ಮೇಡಂಗೆ ಮಾತು ಕೊಟ್ಟು ಕೂತಿದ್ದಾಳೆ. ನಾಲ್ಕು ಹೋದ ವರ್ಷವೇ ಮುಗಿದಿವೆ. ಆರಕ್ಕೆ ಪೆನ್ಸಿಲ್ ಗೆರೆ ಬಿದ್ದಿದೆ. ಒಂದು ಬರೀ ಬಿಳಿ ಕ್ಯಾನ್ವಾಸು. ಕೈ ನಡುಗುವ ವಿಷಯ ಮೇಡಂಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಗೊತ್ತಾದರೆ ಪ್ರದರ್ಶನ ಹೋಯಿತು, ಅರವತ್ತೊಂದು ವರ್ಷದವಳನ್ನು ಆಮೇಲೆ ಯಾರೂ ಕರೆಯುವುದಿಲ್ಲ ಎಂದು ಅಕ್ಕನ ಭಯ.

"ಯಾರ ಹತ್ರ ಆದ್ರೂ ಬಾಯಿ ಬಿಟ್ಟೀಯ, ಗಂಟುಮೋರೆ," ಎಂದಳು.

ನಾನು ಹುಟ್ಟಿದಾಗಲೇ ಮುಖ ಗಂಟಿಕ್ಕಿಕೊಂಡಿದ್ದೆನಂತೆ. ಏಳು ವರ್ಷದ ಅಕ್ಕ ತೊಟ್ಟಿಲೊಳಗೆ ಬಗ್ಗಿ ನೋಡಿ ಇಟ್ಟ ಹೆಸರು. ಐವತ್ನಾಲ್ಕಾದರೂ ಅದೇ ನಡೆಯುತ್ತಿದೆ.

ಮಾರ್ಚ್ 5, ಬುಧವಾರ

ಮಾತ್ರೆ: ಸಮಯಕ್ಕೆ. ನಡುಕ: ಜಾಸ್ತಿ.

ಇಡೀ ದಿನ ಅಂಗಡಿಯಲ್ಲಿ ಪ್ಯಾಂಟುಗಳ ಅಂಚು ಮಡಚಿ ಮಡಚಿ ಬೆನ್ನು ಬಿದ್ದುಹೋಗಿದೆ. ನಾನು ಕೆಲಸಕ್ಕೆ ಹೋಗುವುದು ಆಲ್ಟರೇಷನ್ ಅಂಗಡಿಗೆ. ಬೇರೆಯವರು ಹೊಲಿದದ್ದನ್ನು ಬಿಚ್ಚಿ, ಹಿಡಿಸಿ, ಸಡಿಲಿಸಿ ಕೊಡುವುದು. ಮೂವತ್ತು ವರ್ಷದಲ್ಲಿ ಒಂದು ಅಂಗಿಯನ್ನೂ ಮೊದಲಿನಿಂದ ಕೊನೆಯವರೆಗೆ ನಾನೇ ಹೊಲಿದಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಅಕ್ಕ ಕುಂಚ ಕೈಗಿಟ್ಟಳು. ಚಿತ್ರದಲ್ಲಿ ಒಂದು ಮೆಟ್ಟಿಲುಸಾಲು ದಣಿದು ನೆಲದ ಮೇಲೆ ಮಲಗಿದೆ, ಮೇಲೊಂದು ಹೊದಿಕೆ. ಹತ್ತುವವರು ಸುತ್ತ ನಿಂತು ಅದು ಏಳಲಿ ಎಂದು ಕಾಯುತ್ತಿದ್ದಾರೆ. ಇಂಥದ್ದೆಲ್ಲ ಈ ತಲೆಯೊಳಗೆ ಎಲ್ಲಿಂದ ಬರುತ್ತದೋ.

"ಹೊದಿಕೆಗೆ ನೀಲಿ ತುಂಬು. ಲೈನಿಂಗ್ ಹಾಕಿದ ಹಾಗೆ, ಅಷ್ಟೇ."

"ನಂಗೆ ಬರಲ್ಲ ಅಕ್ಕ."

"ನಿಂಗೆ ಬರೋದು ಯಾರಿಗೆ ಬೇಕು? ನಾನು ಹೇಳ್ತೀನಿ, ನೀನು ಮಾಡು. ಕೈ ನಿಂದು, ತಲೆ ನಂದು."

ಪಕ್ಕದಲ್ಲಿ ಕೂತು ಇಲ್ಲಿ ದಪ್ಪ, ಅಲ್ಲಿ ತೆಳು, ಅಯ್ಯೋ ಅಲ್ಲಲ್ಲ ಎಂದು ಎರಡು ಗಂಟೆ ಪ್ರಾಣ ತಿಂದಳು. ಮುಗಿಯುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಹೊದಿಕೆಯ ಮೂಲೆಯಲ್ಲಿ ಗಂಟು ಹಾಕಿ ಎದ್ದೆ. ನನಗೆ ಕೆಲಸ ಕಲಿಸಿದ ಮುದುಕಪ್ಪ ಹೇಳುತ್ತಿದ್ದ, ಗಂಟು ಹಾಕದೆ ಎದ್ದವರ ಹೊಲಿಗೆ ಗಿರಾಕಿ ಬೀದಿ ದಾಟುವುದರೊಳಗೆ ಬಿಚ್ಚುತ್ತದೆ ಎಂದು. ಏನೇ ಕೆಲಸ ಮುಗಿಸಿದರೂ ಕೈ ತಾನೇ ಅತ್ತ ಹೋಗುತ್ತದೆ.

ಮಾರ್ಚ್ 9, ಭಾನುವಾರ

ರಜಾ ಎಂದು ಹೆಸರು. ಆಸ್ಪತ್ರೆಯ ವಾರ್ಡಿನಲ್ಲಿ ತಿಮಿಂಗಿಲ ಮಲಗಿರುವ ಚಿತ್ರ. ಹಾಸಿಗೆ ಸಾಲದೆ ಅದರ ಬಾಲ ಕಿಟಕಿಯಿಂದ ಆಚೆ ಹೋಗಿದೆ, ಪಕ್ಕದ ರೋಗಿ ಕೊಡೆ ಬಿಚ್ಚಿಕೊಂಡಿದ್ದಾನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ತಿಮಿಂಗಿಲಕ್ಕೆ ಬೂದು ಬಳಿದದ್ದೇ ಬಳಿದದ್ದು. ಮದುವೆ ಮನೆಗೆ ಸುಣ್ಣ ಹೊಡೆದಿದ್ದರೂ ಇಷ್ಟು ಹೊತ್ತಿಗೆ ಮುಗಿಯುತ್ತಿತ್ತು.

ಬೆಡ್‌ಶೀಟಿನ ಮಡಿಕೆ ಅಕ್ಕ ಹಾಕಿದ್ದು ಸರಿಯಿರಲಿಲ್ಲ. ಅಷ್ಟು ಭಾರ ಬಿದ್ದರೆ ಬಟ್ಟೆ ಹಾಗೆ ಮಡಚುವುದಿಲ್ಲ, ಅಂಚಿನಿಂದ ಎಳೆದುಕೊಳ್ಳುತ್ತದೆ. ಸುಮ್ಮನೆ ತಿದ್ದಿದೆ. ಅಕ್ಕ ನೋಡಿ ಹೂಂ ಎಂದಳು. ಬಾಲದ ತುದಿಯಲ್ಲಿ ಗಂಟು ಹಾಕಿ ಎದ್ದೆ. ಊಟ ಮಾಡಲೂ ತ್ರಾಣವಿಲ್ಲ.

ಮಾರ್ಚ್ 14, ಶುಕ್ರವಾರ

ಮಾತ್ರೆ: ಎಂಟು, ಎರಡೂವರೆ. ನಡುಕ: ಗ್ಯಾಲರಿಯಲ್ಲಿ ಕೈ ಕೋಟಿನ ಜೇಬಿನಲ್ಲೇ ಇತ್ತು, ಯಾರಿಗೂ ಕಾಣಲಿಲ್ಲ.

ಅದೇ ಗ್ಯಾಲರಿಯಲ್ಲಿ ಈಗ ಒಂಬತ್ತು ಜನರ ಪ್ರದರ್ಶನ ನಡೆಯುತ್ತಿದೆ. ಎಲ್ಲರೂ ಅಕ್ಕನ ಜಾತಿಯವರೇ, ಕನಸಿನಲ್ಲಿ ಕಂಡದ್ದನ್ನು ಬೆಳಗಾದ ಮೇಲೂ ಬಿಡದವರು. ಹೋಗದಿದ್ದರೆ ಮೇಡಂಗೆ ಅನುಮಾನ ಬರುತ್ತದೆಂದು ಅಕ್ಕ ಹೊರಟಳು. ಹೂವಿನ ಜೊತೆ ನಾರು, ನಾನೂ ಹೋದೆ. ಕಾಲು ನೋಯುತ್ತಿತ್ತು. ನಡುವೆ ಒಂದು ಬೆಂಚು ಇತ್ತು, ಅದರ ಮೇಲೆ ಕೂತರೆ ಅದೂ ಚಿತ್ರಕಾರರ ಕೃತಿಯಂತೆ, ಎಬ್ಬಿಸಿಬಿಟ್ಟರು!

ಒಂದರಲ್ಲಿ ಹೆಂಗಸೊಬ್ಬಳು ಕೆರೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಅದು ಚೆನ್ನಾಗಿತ್ತು, ಇಸ್ತ್ರಿ ಹಿಡಿದ ಮಣಿಕಟ್ಟು ಸರಿಯಾಗಿ ಬಾಗಿದೆ. ಇನ್ನೊಂದರಲ್ಲಿ ಗಡಿಯಾರಗಳು ಬಸ್ಸಿಗೆ ಕಾಯುತ್ತಿವೆ. ಮೂಲೆಯ ದೊಡ್ಡ ಚಿತ್ರದ ಮುಂದೆ ಜನವೋ ಜನ. ಬೆನ್ನಿಗೆ ರೆಕ್ಕೆಯಿರುವ ಗಂಡಸು, ಮೈಮೇಲೆ ಬಿಳಿ ಅಂಗಿ. ನಾನು ಅಕ್ಕನ ಕಿವಿಯಲ್ಲಿ ಅಂದೆ, "ಅಂಗಿಗೆ ಬೆನ್ನಲ್ಲಿ ಸೀಳೇ ಇಲ್ವಲ್ಲ, ರೆಕ್ಕೆ ಎಲ್ಲಿಂದ ಬಂತು? ಹಾಕ್ಕೊಂಡಿದ್ದಾದ್ರೂ ಹೇಗೆ? ಮುಂದೆ ಗುಂಡಿ ಬೇರೆ ಪೂರ್ತಿ ಹಾಕಿದೆ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಸ್ಸಿನಲ್ಲಿ ಹೇಳಿದಳು, "ಸರಿಯಾಗೇ ಹೇಳ್ದೆ. ಸುಳ್ಳು ಹೇಳೋದಾದ್ರೆ ಗುಂಡಿ ಸಮೇತ ಹೇಳ್ಬೇಕು."

ಇಳಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಎಂದರೆ ಏನಿಲ್ಲ ಎಂದಳು.

ಮಾರ್ಚ್ 22, ಶನಿವಾರ

ಇವತ್ತು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಕೆಟಲ್ಲಿನಿಂದ ಹಕ್ಕಿ ಬಗ್ಗಿಸುವ ಮುದುಕಿಯ ಚಿತ್ರ. ಮೈಯೆಲ್ಲ ನಾನು ತುಂಬಿದ್ದೆ, ಮುಖ ಅಕ್ಕನಿಗೆ ಬಿಟ್ಟಿದ್ದೆ. ಮುಖಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಮಾತ್ರೆ ನುಂಗಿ, ಅರ್ಧ ಗಂಟೆ ಕಾದು, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಳು. ಒಂದು ಕಣ್ಣು ಬಂತು. ಎರಡನೆಯದಕ್ಕೆ ಕುಂಚ ಹಾರಿ ಕೆನ್ನೆಯ ಮೇಲೆ ಕಪ್ಪು ಗೆರೆ ಎಳೆಯಿತು. ಒರೆಸಿದಳು, ಮತ್ತೆ ಇಟ್ಟಳು, ಮತ್ತೆ ಹಾರಿತು. ಮೂರನೆಯ ಸಲ ಕುಂಚವನ್ನು ಗೋಡೆಗೆ ಎಸೆದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಸರಿಯಾಗೇ ಇದೆ ಕಣೇ. ನನ್ನ ಕೈ ಸತ್ತುಹೋಗಿದೆ," ಎಂದು ಅತ್ತಳು. ಅಪ್ಪ ಹೋದಾಗಲೂ ನನ್ನ ಮುಂದೆ ಅತ್ತವಳಲ್ಲ. ನಾನು ಗೋಡೆ ಒರೆಸುತ್ತಾ ನಿಂತೆ.

ಸ್ವಲ್ಪ ಹೊತ್ತಾದ ಮೇಲೆ, "ಮುಖ ನೀನೇ ಮಾಡು," ಎಂದಳು.

ಮಾರ್ಚ್ 23, ಭಾನುವಾರ

ಮುಖ ಮಾಡಿದೆ. ಬೆನ್ನುನೋವು. ಹಕ್ಕಿಯ ಕಾಲಿಗೆ ಗಂಟು ಹಾಕಿ ಎದ್ದೆ.

ಮಾರ್ಚ್ 31, ಸೋಮವಾರ

ಮಾತ್ರೆ: ಸಮಯಕ್ಕೆ. ನಡುಕ: ಇದೆ.

ಅಂಗಡಿಯ ಯಜಮಾನನ ಹತ್ತಿರ ಬೈಸಿಕೊಂಡೆ. ಬೂದು ಪ್ಯಾಂಟಿಗೆ ನೀಲಿ ದಾರ ಹಾಕಿ ಅಂಚು ಹೊಲಿದುಬಿಟ್ಟಿದ್ದೆನಂತೆ.

"ಏನಮ್ಮಾ, ಕಣ್ಣು ಕಾಣಲ್ವಾ?"

"ಮಡಿಕೆ ಒಳಗೆ ಬೂದು ನೀಲಿಯಾಗೇ ಕಾಣತ್ತೆ. ನೋಡಿ ಬೇಕಾದ್ರೆ."

ಆತ ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದ, ನನ್ನನ್ನು ನೋಡಿದ, ಮತ್ತೆ ಪ್ಯಾಂಟು ನೋಡಿದ. "ಎರಡು ದಿನ ರಜಾ ಹಾಕ್ಕೊಳ್ಳಿ," ಎಂದ. ನಿದ್ದೆ ಸಾಲದೆ ಹೀಗಾಗುತ್ತಿದೆ. ಬಿಚ್ಚಿ ಬೂದು ದಾರದಲ್ಲಿ ಹೊಲಿದುಕೊಟ್ಟೆ, ಆದರೆ ನೀಲಿಯೇ ಸರಿಯಿತ್ತು.

ಮನೆಯಲ್ಲಿ ಆರನೆಯದು ನಡೆಯುತ್ತಿದೆ. ಅಕ್ಕ ಈಗೀಗ ಏನೂ ಹೇಳುವುದಿಲ್ಲ, ಗೋಡೆಗೆ ತಿರುಗಿ ಮಲಗಿರುತ್ತಾಳೆ. ಹಾಸಿಗೆ ಬಿಟ್ಟು ಏಳುವುದೂ ಕಮ್ಮಿ. ಕೇಳಿದರೆ, "ನಿಂಗೆ ತೋಚಿದ ಹಾಗೆ ತುಂಬು," ಎನ್ನುತ್ತಾಳೆ. ತುಂಬುತ್ತಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಗೆರೆ ಬಿದ್ದಿದ್ದ ಆರೂ ಮುಗಿದವು. ಕೊನೆಯದಕ್ಕೆ ನಾಯಿಯ ಸರಪಳಿಯಲ್ಲಿ ಗಂಟು. ಉಳಿದದ್ದು ಬಿಳಿ ಕ್ಯಾನ್ವಾಸು.

"ಇದಕ್ಕೇನು ಮಾಡೋದು ಅಕ್ಕ? ಗೆರೆನೇ ಇಲ್ಲ."

"ನಂಗೇನೂ ಕಾಣ್ತಿಲ್ಲ ಕಣೇ. ಮೊದ್ಲೆಲ್ಲ ಕಣ್ಣು ಮುಚ್ಚಿದ್ರೆ ಸಾಕಿತ್ತು. ಈಗ ಮುಚ್ಚಿದ್ರೆ ಕತ್ತಲೆ, ಅಷ್ಟೇ."

ಮೇಡಂಗೆ ಹತ್ತೇ ಎಂದು ಹೇಳೋಣವೇ ಎಂದೆ. ಹನ್ನೊಂದು ಅಂದರೆ ಹನ್ನೊಂದು, ಒಂದು ಕಮ್ಮಿಯಾದರೆ ಯಾಕೆ ಎಂದು ಕೇಳುತ್ತಾರೆ, ಒಂದು ಪ್ರಶ್ನೆ ಬಂದರೆ ಹತ್ತು ಬರುತ್ತವೆ ಎಂದಳು. ಅತ್ತ ದರಿ, ಇತ್ತ ಪುಲಿ. ನನಗೆ ಸಾಕಾಗಿದೆ. ಎಲ್ಲ ಬಿಟ್ಟು ಎರಡು ದಿನ ಮಲಗಬೇಕು ಎನಿಸುತ್ತಿದೆ.

ಏಪ್ರಿಲ್ 12, ಶನಿವಾರ

ಎಂಟು ದಿನ ಬರೆದಿಲ್ಲ. ಮಾತ್ರೆಯ ಲೆಕ್ಕವೂ ತಪ್ಪಿಹೋಗಿದೆ, ಡಾಕ್ಟರು ಬಯ್ಯುತ್ತಾರೆ. ಅಂಗಡಿಗೆ ರಜಾ ಹಾಕಿದ್ದೆ. ಕ್ಯಾನ್ವಾಸನ್ನು ಖಾಲಿ ಕಳಿಸುವ ಹಾಗಿಲ್ಲವಲ್ಲ, ಸುಮ್ಮನೆ ಏನೋ ತುಂಬಿದೆ.

ಮನೆಯಷ್ಟು ಎತ್ತರದ ಒಂದು ಪ್ರಾಣಿ, ಮೈತುಂಬ ರೋಮ. ಎರಡೂ ಕೈ ಮೇಲೆತ್ತಿ ಅಳತೆಗೆ ನಿಂತಿದೆ. ಅಳತೆ ಟೇಪು ಕಂಡ ಕೂಡಲೇ ಗಿರಾಕಿಗಳೆಲ್ಲ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಎಂಥ ದೊಡ್ಡ ಮನುಷ್ಯನಾದರೂ ಸರಿ. ಮೂವತ್ತು ವರ್ಷದಲ್ಲಿ ಎಳೆದುಕೊಳ್ಳದವರನ್ನು ನಾನು ನೋಡಿಲ್ಲ. ಇದೂ ಎಳೆದುಕೊಂಡಿದೆ, ನಾಚಿಕೆಯಿಂದ ಆಚೆ ನೋಡುತ್ತಿದೆ. ಕೆಳಗೆ ಸ್ಟೂಲಿನ ಮೇಲೆ ಒಬ್ಬ ಹೆಂಗಸು. ಅವಳ ಟೇಪು ಸೊಂಟದ ಅರ್ಧಕ್ಕೇ ಮುಗಿದುಹೋಗಿದೆ, ಆದರೂ ಬಿಟ್ಟಿಲ್ಲ, ಹಿಡಿದುಕೊಂಡೇ ಇದ್ದಾಳೆ. ರೋಮಕ್ಕೇ ನಾಲ್ಕು ದಿನ ಬೇಕಾಯಿತು. ಊಟ ಮರೆತುಹೋಗುತ್ತಿತ್ತು. ಅಕ್ಕ ಎರಡು ಸಲ ತಾನೇ ಎದ್ದು ಟೀ ಮಾಡಿಕೊಂಡು, ಅರ್ಧ ಚೆಲ್ಲಿಕೊಂಡು, ಉಳಿದರ್ಧ ನನಗೆ ತಂದುಕೊಟ್ಟಳು.

ಟೇಪಿನ ತುದಿಗೆ ಗಂಟು ಹಾಕಿ ಎದ್ದೆ. ಅಂತೂ ಹನ್ನೊಂದಾಯಿತು.

ಏಪ್ರಿಲ್ 18, ಶುಕ್ರವಾರ

ಮಾಡಿದ್ದುಣ್ಣೋ ಮಹಾರಾಯ.

ಕ್ಯಾಟಲಾಗಿಗೆ ಫೋಟೊ ತೆಗೆಯಲು ಗ್ಯಾಲರಿಯ ಮೇಡಂ ಬಂದರು. ಅಕ್ಕ ಶಾಲಿನೊಳಗೆ ಕೈ ಇಟ್ಟುಕೊಂಡು ರಾಣಿಯ ಹಾಗೆ ಕೂತಿದ್ದಳು. ಮೇಡಂ ಒಂದೊಂದೇ ಚಿತ್ರದ ಮುಂದೆ ಕೂತು ನೋಡುತ್ತಾ ಬಂದರು. ಆರನೆಯದರ ಹತ್ತಿರ ನಿಂತು, ಹಿಂದೆ ಹೋಗಿ ಮತ್ತೆ ಮೊದಲಿನಿಂದ ನೋಡಿ, ಅಕ್ಕನ ಕಡೆ ತಿರುಗಿದರು.

"ಮೇಡಂ, ಈ ಗಂಟುಗಳು! ಹಳೇ ನಾಲ್ಕರಲ್ಲಿ ಇಲ್ಲ. ಹೊಸ ಏಳರಲ್ಲೂ ಇವೆ. ಹೊದಿಕೆ ಮೂಲೇಲಿ, ತಿಮಿಂಗಿಲದ ಬಾಲದಲ್ಲಿ, ಹಕ್ಕಿ ಕಾಲಲ್ಲಿ... ಪುಟಾಣಿ ಗಂಟು. ದಾರಕ್ಕೆ ಹಾಕೋ ಥರದ್ದೇ. ಏನಿದರ ಅರ್ಥ?"

ಬಗ್ಗಿ ನೋಡಿದೆ. ಹೌದು, ಇದ್ದವು. ನಾನೇ ಕುಂಚದಲ್ಲಿ ಬರೆದದ್ದು. ಕೆಲಸ ಮುಗಿದಾಗ ಗಂಟು ಹಾಕಿದೆ, ಹಾಕಿದೆ ಎಂದು ಈ ಪುಸ್ತಕದಲ್ಲೇ ಬರೆದುಕೊಂಡು ಬಂದಿದ್ದೇನೆ. ದಾರವಿಲ್ಲದ ಕಡೆ ಗಂಟು ಎಲ್ಲಿ ಬೀಳುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲವಲ್ಲ!

ಅಕ್ಕ, "ನೋಡೋರು ಬಿಚ್ಕೊಳ್ಳಲಿ," ಎಂದಳು. ಮೇಡಂಗೆ ಅದೇ ಸಾಕಾಯಿತು. ಪ್ರದರ್ಶನಕ್ಕೆ 'ಗಂಟುಗಳು' ಎಂದೇ ಹೆಸರಿಡುತ್ತೇನೆಂದು ಕುಣಿಯುತ್ತಾ ಹೋದರು.

ಬಾಗಿಲು ಹಾಕಿ ಬಂದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಗಂಟುಕಳ್ಳಿ," ಎಂದಳು. ಅಷ್ಟೇ. ಗೋಡೆಗೆ ತಿರುಗಿ ಮಲಗಿದಳು.

ಏಪ್ರಿಲ್ 20, ಭಾನುವಾರ

ಮಾತ್ರೆ: ನಾನು ಇಟ್ಟೆ, ಅವಳು ನುಂಗಿದಳು. ಮಾತಿಲ್ಲ.

ಎರಡು ದಿನದಿಂದ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಇವತ್ತು ನನಗೂ ರೇಗಿತು. ಹಗಲಿಡೀ ಊರವರ ಬಟ್ಟೆ, ಸಂಜೆಯೆಲ್ಲ ಇವಳ ತಿಮಿಂಗಿಲ, ಅದರ ಮೇಲೆ ಕಳ್ಳಿ ಎಂಬ ಬಿರುದು ಬೇರೆ. ಯಾರಪ್ಪನ ಗಂಟು ಕದ್ದೆ ನಾನು? ಅಳಿಸಿದರೆ ತಾನೇ ಮುಗಿಯಿತು ಎಂದು ಕುಂಚ ಅದ್ದಿಕೊಂಡು ಮೊದಲ ಚಿತ್ರದ ಮುಂದೆ ಕೂತೆ.

"ಮುಟ್ಟಿದ್ರೆ ನೋಡು," ಎಂದಳು ಹಿಂದಿನಿಂದ.

"ಮತ್ತೇನು ಮಾಡ್ಲಿ? ನೀನು ಮಾತಾಡಲ್ಲ!"

"ಏಳು ಚಿತ್ರಾನೂ ಎರಡು ದಿನದಿಂದ ನೋಡ್ತಾ ಇದೀನಿ. ಎಲ್ಲದ್ರಲ್ಲೂ ನೀನೇ ಸಿಗ್ತೀಯ. ನಾನೆಲ್ಲಿದೀನಿ ಅಂತ ಹುಡುಕ್ತಾ ಇದೀನಿ ಕಣೇ, ಅದಕ್ಕೇ ಮಾತಿಲ್ಲ."

ಕುಂಚ ತೊಳೆದಿಟ್ಟೆ. ನಾನು ತುಂಬಿದವಳು ಅಷ್ಟೇ, ಅವಳು ಯಾಕೆ ಹೀಗೆ ಅನ್ನುತ್ತಾಳೋ.

ಏಪ್ರಿಲ್ 24, ಗುರುವಾರ

ಇವತ್ತು ಸಹಿ ಹಾಕಬೇಕಿತ್ತು. ಅಕ್ಕ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ ಕೂತಳು. ಹಳೆಯ ನಾಲ್ಕಕ್ಕೆ ಸಹಿ ಹಾಕುವುದರೊಳಗೆ ಮಧ್ಯಾಹ್ನವಾಯಿತು. ಅಕ್ಷರಗಳು ಅಲ್ಲಾಡಿವೆ, ಆದರೆ ಅವಳವೇ. ಆಮೇಲೆ ಕುಂಚ ಕೆಳಗಿಟ್ಟಳು.

"ಉಳಿದ ಏಳು?"

"ಅವು ನಂದಲ್ಲ."

"ಕೈ ನಿಂದು, ತಲೆ ನಂದು ಅಂದಿದ್ದು ಯಾರು ಮತ್ತೆ?"

"ಅಂದಿದ್ದೆ. ಮೊದಲ್ನೇ ಎರಡಕ್ಕೆ ಅದು ನಿಜ. ಆಮೇಲೆ ನಾನು ಹೇಳೋದನ್ನೇ ನಿಲ್ಲಿಸ್ದೆ. ನೀನು ಗಮನಿಸ್ಲೇ ಇಲ್ಲ."

ನಾನು ಕೂಗಾಡಿದೆ. ಇಷ್ಟು ದಿನ ಬೆನ್ನು ಮುರಿದುಕೊಂಡದ್ದು ಇದಕ್ಕಾ, ಕೈಗೆ ಬಂದ ತುತ್ತು ಬಾಯಿಗಿಲ್ಲದ ಹಾಗೆ ಮಾಡುತ್ತೀಯಲ್ಲ, ನಾಲ್ಕು ಗೆರೆ ಎಳೆದರೆ ನಿನ್ನ ಗಂಟೇನು ಹೋಗುತ್ತದೆ ಎಂದೆಲ್ಲ.

"ಇನ್ನೊಬ್ಬರ ಚಿತ್ರಕ್ಕೆ ಸಹಿ ಹಾಕಿದವಳು ಅಂತ ನಾನೇ ನನ್ನ ಕರ್ಕೋಬೇಕಾಗತ್ತೆ. ಕೈ ಹೋಯ್ತು. ಅದೂ ಹೋಗ್ಬೇಕಾ?"

ಅಂದವಳೇ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದಳು. ಕೈ, ಮಾತ್ರೆ, ನಾನು, ಗಂಟು, ಎಲ್ಲ. ಫೋನು ಹಿಡಿದ ಕೈ ಬಡಬಡ ನಡುಗುತ್ತಿತ್ತು. ಅದನ್ನು ಮುಚ್ಚಿಕೊಳ್ಳಲೂ ಇಲ್ಲ.

ಏಪ್ರಿಲ್ 25, ಶುಕ್ರವಾರ

ಮೇಡಂ ವ್ಯಾನಿನ ಜೊತೆ ಬಂದರು. ಮುಖ ಕೆಂಡ. ಕ್ಯಾಟಲಾಗು ಅಚ್ಚಾಗಿದೆ, ಹನ್ನೊಂದರ ಕೆಳಗೂ ಅಕ್ಕನ ಹೆಸರಿದೆ, ನಾಳೆ ಸಂಜೆ ಐದಕ್ಕೆ ಜನ ಬರುತ್ತಾರೆ. "ಎರಡು ತಿಂಗಳಿಂದ ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ ಮೇಡಂ," ಎಂದು ಅಕ್ಕನನ್ನು ಕೇಳಿದರು. ಅಕ್ಕ ತಪ್ಪಾಯಿತು ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಇದೇ ಮೊದಲು.

ನಾಲ್ಕು ಮಾತ್ರ ಎತ್ತಿಸಿ ಹೊರಟವರು ಬಾಗಿಲ ಪಕ್ಕದ ಪ್ರಾಣಿಯ ಮುಂದೆ ನಿಂತರು. ತುಂಬಾ ಹೊತ್ತು ನಿಂತರು.

"ಇದನ್ನ ಮಾಡಿದ್ದು?"

"ಅವಳೇ. ಪೂರ್ತಿ. ನಾನು ಗೆರೆ ಕೂಡ ಎಳೆದಿಲ್ಲ," ಎಂದಳು ಅಕ್ಕ.

"ಸುಮ್ಮನೆ ತುಂಬಿದ್ದು," ಎಂದೆ ನಾನು.

ಮೇಡಂ ತಿರುಗಿ ನೋಡಿದರು. "ಸುಮ್ಮನೆ?" ಆಮೇಲೆ ಕೆಲಸದವರಿಗೆ ಎಲ್ಲವನ್ನೂ ಹತ್ತಿಸಲು ಹೇಳಿದರು. "ಹೆಸರಿಲ್ಲದ ಚಿತ್ರ ನಾನು ಗೋಡೆಗೆ ಹಾಕಲ್ಲ. ಸುಳ್ಳು ಹೆಸರು ಇರೋದನ್ನೂ ಹಾಕಲ್ಲ. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಬನ್ನಿ. ಹೆಸರಿದ್ರೆ ಕ್ಯಾಟಲಾಗಿಗೆ ಚೀಟಿ ಅಂಟಿಸ್ತೀನಿ, ಇಲ್ದಿದ್ರೆ ನಾಲ್ಕೇ ಚಿತ್ರ ಇಟ್ಟು ಬಾಗಿಲು ತೆಗೀತೀನಿ."

ವ್ಯಾನು ಹೋದ ಮೇಲೆ ಗೋಡೆ ಬೋಳಾಗಿದೆ. ಮನೆ ಯಾರದೋ ಎನಿಸುತ್ತಿದೆ.

ಏಪ್ರಿಲ್ 26, ಶನಿವಾರ

ಗ್ಯಾಲರಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಐದಕ್ಕೆ ಇನ್ನೂ ಒಂದು ಗಂಟೆ ಇದೆ. ಈ ಪೆಟ್ಟಿಗೆ ಬರೀ ಪೆಟ್ಟಿಗೆಯೇ, ಕೇಳಿಕೊಂಡೇ ಕೂತೆ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂದಾಗ ಏಳೂ ಚಿತ್ರ ಗೋಡೆಗೆ ಒರಗಿದ್ದವು. ಅಕ್ಕ ತೆಳು ಕುಂಚ ಅದ್ದಿ ನನ್ನ ಕೈಗೆ ಕೊಟ್ಟಳು. ನಾನು ಪ್ರಾಣಿಯ ಮುಂದೆ ಕೂತೆ. ಅಂಗಡಿಯಲ್ಲಿ ದಿನಾ ಚೀಟಿಯ ಮೇಲೆ ಹೆಸರು ಬರೆದು ಬಟ್ಟೆಗೆ ಪಿನ್ನು ಹಾಕುತ್ತೇನೆ, ಎಲ್ಲವೂ ಗಿರಾಕಿಗಳ ಹೆಸರು. ನನ್ನದನ್ನು ಪೂರ್ತಿಯಾಗಿ ಬರೆದು ಎಷ್ಟು ಕಾಲವಾಯಿತೋ. ಮೊದಲ ಅಕ್ಷರ ಎಲ್ಲಿ ಇಡಲಿ ಎಂದು ಬಗ್ಗಿದೆ. ನಾಲ್ಕು ದಿನ ಒಂದೊಂದೇ ರೋಮ ಬಿಡಿಸಿದ ಕೈ, ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಹಾಕುವ ಕೈ, ಗಡಗಡ ಎನ್ನತೊಡಗಿತು. ನಿಲ್ಲಿಸಲು ನೋಡಿದಷ್ಟೂ ಜಾಸ್ತಿ.

"ಅಕ್ಕ, ಆಗ್ತಿಲ್ಲ."

ಅವಳು ಕಷ್ಟಪಟ್ಟು ನನ್ನ ಪಕ್ಕ ನೆಲದ ಮೇಲೆ ಕೂತಳು. ಅದು ಅವಳ ಮಾತ್ರೆ ಕೆಲಸ ಮಾಡುವ ಹೊತ್ತು, ಅವಳ ಕೈ ನಿಂತಿತ್ತು. ನನ್ನ ಮಣಿಕಟ್ಟು ಹಿಡಿದುಕೊಂಡಳು. "ಬರೀ ಗಂಟುಮೋರೆ, ನಾನು ಹಿಡ್ಕೊಂಡಿದೀನಿ," ಎಂದಳು. ಬರೆದೆ. ಏಳಕ್ಕೂ ಬರೆದೆ. ಕೊನೆಯದು ಮುಗಿದಾಗ ಗಂಟು ಹಾಕಲು ಕುಂಚ ಹೊರಟಿತು. "ಆಗ್ಲೇ ಇದೆಯಲ್ಲೇ," ಎಂದು ಅಕ್ಕ ನಕ್ಕಳು. ನನಗೆ ಅಳು ಬಂತು.

"ಡಾಕ್ಟರ ಪುಸ್ತಕದಲ್ಲಿ ಮರೀದೆ ಬರಿ," ಎಂದಿದ್ದಾಳೆ. ಬರೆಯುತ್ತಿದ್ದೇನೆ.

ಮಾತ್ರೆ: ಎಂಟು, ಎರಡು. ನಡುಕ: ಬೆಳಿಗ್ಗೆ ಹನ್ನೊಂದಕ್ಕೆ, ಬಲಗೈ, ಸುಮಾರು ಹತ್ತು ನಿಮಿಷ. ಅಕ್ಕನದಲ್ಲ, ನನ್ನದು.